ಹುಲ್ಲು ಅವರದು, ಗಿಡ ನನ್ನದು

ಮದುವೆಯಾಗಿ ತುಮಕೂರಿಗೆ ಬರುವವರೆಗೆ ನನಗೆ ಗೊತ್ತಿದ್ದದ್ದು ಎರಡೇ ಬಗೆಯ ಹುಲ್ಲು. ಒಂದು ದನಕ್ಕೆ ಹಾಕುವುದು, ಇನ್ನೊಂದು ಕಿತ್ತು ಬದುವಿನ ಮೇಲೆ ಎಸೆಯುವುದು. ನಮ್ಮದು ಕಡಬ. ಕೆರೆಯ ಕೆಳಗೆ ಸ್ವಲ್ಪ ಗದ್ದೆ, ಮೇಲೆ ರಾಗಿ ಹೊಲ. ಹೈಸ್ಕೂಲಿಗೆ ಗುಬ್ಬಿಗೆ ಹೋಗಿ ಬಂದು ಓದಿದವಳಾದರೂ ರಜೆಯಲ್ಲಿ ಕಳೆ ಕೀಳುವುದು ತಪ್ಪಿರಲಿಲ್ಲ. ನೀರು ಹಾಕಿ ಹುಲ್ಲು ಬೆಳೆಸಿ, ಬೆಳೆದದ್ದನ್ನು ವಾರವಾರ ಕತ್ತರಿಸಿ, ಮತ್ತೆ ನೀರು ಹಾಕುವ ಕೆಲಸವೊಂದು ಇದೆ ಎಂದು ನಾನು ಕಂಡದ್ದು ವಕೀಲರ ಕಾಂಪೌಂಡಿನಲ್ಲಿ.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನ ಯಜಮಾನರು ಆ ಮನೆಯ ಮಾಲಿ. ಹಿತ್ತಲಲ್ಲಿ ಬಾವಿಯ ಪಕ್ಕ ಹೆಂಚು ಹೊದಿಸಿದ ಸಣ್ಣ ಮನೆಯನ್ನು ನಮಗೆ ಬಿಟ್ಟುಕೊಟ್ಟಿದ್ದರು. ಮಾಲಿ ಕೆಲಸ ಇರುವವರೆಗೆ ಆ ಮನೆ ಇರುತ್ತದೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ವಕೀಲರಿಗೆ ಆಗ ಐವತ್ತು ದಾಟಿತ್ತು. ಮನೆಯ ಮುಂದೆ ಗೇಟಿನಿಂದ ಪೋರ್ಟಿಕೋವರೆಗೆ ಹುಲ್ಲು ಹಾಸು ಮಾಡಿಸಿದ್ದರು. ಸಂಜೆ ಕೋರ್ಟಿನಿಂದ ಬಂದ ಮೇಲೆ ಅಲ್ಲಿ ಬೆತ್ತದ ಕುರ್ಚಿ ಹಾಕಿಸಿಕೊಂಡು ಸ್ನೇಹಿತರ ಜೊತೆ ಕಾಫಿ ಕುಡಿಯುವರು. ಅವರ ಹೆಂಡತಿ, ನಾವು ಅಮ್ಮಾವ್ರು ಅನ್ನುತ್ತಿದ್ದೆವು, ಆ ಹುಲ್ಲಿನ ಮೇಲೆ ಕಾಲಿಟ್ಟದ್ದನ್ನು ನಾನು ಹೆಚ್ಚು ನೋಡಿಲ್ಲ. ಅವರ ಕಣ್ಣೆಲ್ಲ ಪಕ್ಕದ ಮಡಿಗಳ ಮೇಲೆ: ಕನಕಾಂಬರ, ದುಂಡುಮಲ್ಲಿಗೆ, ಸೇವಂತಿಗೆ, ದಾಸವಾಳ, ಬಾವಿಕಟ್ಟೆಯ ಕರಿಬೇವು. ಬೆಳಿಗ್ಗೆ ಪೂಜೆಗೆ ಬುಟ್ಟಿ ತುಂಬಾ ಹೂವು ಆಗಬೇಕು. ಸುತ್ತಲೂ ಸೊಂಟದೆತ್ತರದ ಹಸಿರು ಬೇಲಿ, ಅದನ್ನು ದೊಡ್ಡ ಕತ್ತರಿಯಿಂದ ಸಮ ಮಾಡುತ್ತಿರಬೇಕು. ಹುಲ್ಲಿನ ಅಂಚಿಗೆ ಗುಲಾಬಿ.

ಯಜಮಾನರು ಮೊದಲ ವಾರವೇ ಕೆಲಸ ಹಂಚಿಬಿಟ್ಟರು. "ಹುಲ್ಲು ನಂದು, ಗಿಡ ನಿಂದು ಕಣೇ. ಇಬ್ರೂ ಎಲ್ಲಾನೂ ಮಾಡಕ್ಕೋದ್ರೆ ಒಂದೂ ನೆಟ್ಟಗಾಗಲ್ಲ."

ಸಂಬಳ ಮಾತ್ರ ಅವರೊಬ್ಬರಿಗೆ. ನಾನು ಅದನ್ನು ಕೇಳಲಿಲ್ಲ. ಮಾಲಿಯ ಹೆಂಡತಿ ಗಿಡ ನೋಡಿಕೊಳ್ಳುವುದು ಆಗ ಆಶ್ಚರ್ಯದ ಸಂಗತಿಯಾಗಿರಲಿಲ್ಲ.

ಹುಲ್ಲು ಕತ್ತರಿಸುವ ಮಿಷನ್ನು ಕಬ್ಬಿಣದ್ದು, ಕೈಯಿಂದ ತಳ್ಳುವಂಥದು. ಎರಡು ಚಕ್ರ, ಮಧ್ಯೆ ಉರುಳೆಯ ಸುತ್ತ ತಿರುಚಿಕೊಂಡ ಅಲಗುಗಳು, ಕೆಳಗೆ ನೆಲಕ್ಕೆ ಹತ್ತಿರವಾಗಿ ಒಂದು ಪಟ್ಟಿ. ತಳ್ಳಿದರೆ ಅಲಗು ತಿರುಗಿ ಪಟ್ಟಿಗೆ ತಾಕಿ ಹುಲ್ಲು ಕತ್ತರಿಸಿಕೊಂಡು ಹಿಂದಕ್ಕೆ ಹಾರುತ್ತಿತ್ತು. ಭಾನುವಾರ ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಯಜಮಾನರು ಅದನ್ನು ಹೊರಗೆ ತರುವರು. ಅಂಗಿ ಬಿಚ್ಚಿ ಬೇಲಿಯ ಮೇಲೆ ಹಾಕಿ, ಗೇಟಿನ ಕಡೆಯಿಂದ ಶುರುಮಾಡಿ, ಹೋದ ಸಾಲಿನ ಪಕ್ಕದಲ್ಲೇ ವಾಪಸು ಬರುವರು. ಒಂದು ಸಾಲು ತಿಳಿ, ಒಂದು ಸಾಲು ದಟ್ಟ ಕಾಣುವಂತೆ ಆಗುತ್ತಿತ್ತು.

ನನ್ನ ಅಣ್ಣ ಒಂದು ಸಲ ಗುಬ್ಬಿಯಿಂದ ಪ್ಯಾಸೆಂಜರ್ ರೈಲು ಹತ್ತಿ ನಮ್ಮನ್ನು ನೋಡಲು ಬಂದಿದ್ದ. ಹುಲ್ಲಿನ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದು ಎಳೆ ಕಿತ್ತು ನೋಡಿದ.

"ಇದು ಗರಿಕೆ ಅಲ್ವಾ?"

"ಗರಿಕೇನೇ," ಅಂದರು ಯಜಮಾನರು.

"ಇದನ್ನ ಬೆಳೆಸಿ ಏನ್ ಮಾಡ್ತಾರೆ ಭಾವ?"

"ಕತ್ತರಿಸ್ತೀವಿ."

ಅಣ್ಣ ಎಳೆಯನ್ನು ಎಸೆದು ಎದ್ದ. ಹೋಗುವಾಗ ಒಂದು ಚೀಲ ಕತ್ತರಿಸಿದ ಹುಲ್ಲು ತುಂಬಿಕೊಂಡು ಹೋದ. ರೈಲಿನಲ್ಲಿ ಅದು ಬಿಸಿಯಾಗಿ ವಾಸನೆ ಹೊಡೆದು, ಮನೆಯ ಎಮ್ಮೆ ಮೂಸಿ ನೋಡಿ ಬಿಟ್ಟಿತಂತೆ.

ನಾವು ಹಾಗೆ ಏಳೆಂಟು ವರ್ಷ ಕಳೆದೆವು. ಮಳೆಗಾಲದಲ್ಲಿ ಇಬ್ಬರಿಗೂ ಕೈ ಬಿಡುವಿರುತ್ತಿರಲಿಲ್ಲ. ಹುಲ್ಲು ಏರುವ ಹೊತ್ತಿಗೇ ಮಡಿಗಳಲ್ಲಿ ಕಳೆ ಏರುತ್ತದೆ, ಬೇಲಿಯೂ ಕೆದರಿಕೊಳ್ಳುತ್ತದೆ. ಆದರೆ ಇಬ್ಬರಿದ್ದೆವು, ಆದ್ದರಿಂದ ನಡೆಯಿತು. ಅವರು ಮಡಿಯ ಕಡೆ ತಿರುಗಿ ನೋಡುತ್ತಿರಲಿಲ್ಲ, ನಾನು ಮಿಷನ್ನಿನ ಹಿಡಿ ಮುಟ್ಟುತ್ತಿರಲಿಲ್ಲ. ನೀರಿನ ಪೈಪಿಗೆ ಮಾತ್ರ ಆಗಾಗ ಜಗಳ. ಬೇಸಿಗೆಯಲ್ಲಿ ಹುಲ್ಲಿಗೆ ನೀರು ಬಿಟ್ಟರೆ ಅದಕ್ಕೆ ಸಾಕು ಎಂಬುದೇ ಇಲ್ಲ. ನನ್ನ ಸರದಿ ಬರುವ ಹೊತ್ತಿಗೆ ಬಾವಿಯ ಪಂಪು ಗಾಳಿ ಎಳೆಯಲು ಶುರುಮಾಡುತ್ತಿತ್ತು.

ಎಪ್ಪತ್ತರ ದಶಕದ ಕೊನೆಯ ಕಡೆ, ಒಂದು ಬೇಸಿಗೆಯಲ್ಲಿ, ಯಜಮಾನರು ಮಿಷನ್ನು ತಳ್ಳುತ್ತಾ ನಡುವೆ ನಿಂತು ಕಿಬ್ಬೊಟ್ಟೆ ಒತ್ತಿಹಿಡಿಯುವುದು ನನ್ನ ಕಣ್ಣಿಗೆ ಬಿತ್ತು. ಕೇಳಿದರೆ ಗ್ಯಾಸು ಅಂದರು. ಕೆಲವು ವಾರ ಕಳೆದ ಮೇಲೆ ಅಲ್ಲಿ ಗಂಟಿನಂತೆ ಉಬ್ಬಿ ನೋವು ತಡೆಯಲಾಗದೆ ಕೂತುಬಿಟ್ಟರು. ಆಸ್ಪತ್ರೆಯಲ್ಲಿ ಹರ್ನಿಯಾ ಅಂದರು, ಕರುಳು ಇಳಿದಿದೆ, ಆಪರೇಷನ್ ಆಗಬೇಕು ಅಂದರು. ಆಪರೇಷನ್ ಸರಿಯಾಗಿಯೇ ಆಯಿತು. ಹೊಲಿಗೆ ಬಿಚ್ಚುವ ದಿನ ಡಾಕ್ಟರು ನನ್ನನ್ನು ಒಳಗೆ ಕರೆದು ಹೇಳಿದರು: "ಇವ್ರು ಇನ್ಮೇಲೆ ಭಾರ ಎತ್ಬಾರ್ದು, ತಳ್ಬಾರ್ದು. ಮತ್ತೆ ಇಳಿದ್ರೆ ಕಷ್ಟ."

ಯಜಮಾನರು ಅದನ್ನು ಕೇಳಿಸಿಕೊಂಡರೋ ಇಲ್ಲವೋ ಎಂಬಂತೆ ಗೋಡೆ ನೋಡುತ್ತಿದ್ದರು.

ಅಷ್ಟು ಹೊತ್ತಿಗೆ ಮುಂಗಾರು ಹಿಡಿದಿತ್ತು. ನಾವು ಆಸ್ಪತ್ರೆಯಲ್ಲಿದ್ದಾಗ ಹುಲ್ಲು ಮೊಣಕಾಲಿನ ಅರ್ಧಕ್ಕೆ ಬಂದಿತ್ತು. ಬೆತ್ತದ ಕುರ್ಚಿಗಳು ಪೋರ್ಟಿಕೋ ಸೇರಿದ್ದವು. ವಕೀಲರು ಒಳ್ಳೆಯವರು, ಏನೂ ಅನ್ನಲಿಲ್ಲ. ಒಂದು ಬೆಳಿಗ್ಗೆ ಕೋರ್ಟಿಗೆ ಹೊರಡುವಾಗ ನಮ್ಮ ಮನೆಯ ತನಕ ನಡೆದು ಬಂದರು. ಹಾಗೆ ಅವರು ಹಿಂದೆಂದೂ ಬಂದಿರಲಿಲ್ಲ.

"ಏನಪ್ಪಾ, ಹೇಗಿದೀಯ?"

"ಪರವಾಗಿಲ್ಲ ಬುದ್ಧಿ."

"ನೋಡು, ನಿನಗೆ ತೊಂದರೆ ಕೊಡೋಕೆ ನನಗಿಷ್ಟ ಇಲ್ಲ. ಬೆಳ್ಳಾವಿ ಕಡೆಯವನೊಬ್ಬ ಇದಾನಂತೆ, ಕೆಲಸ ಗೊತ್ತಂತೆ. ಅವನಿಗೂ ಸಂಸಾರ ಇದೆ." ನಮ್ಮ ಹೆಂಚಿನ ಮಾಡನ್ನು ಒಂದು ಸಲ ನೋಡಿದರು, ಅಷ್ಟೆ.

ನಾನು ಬಾಗಿಲ ಮರೆಯಲ್ಲಿದ್ದೆ. ಯೋಚಿಸಿ ಆಡಿದ ಮಾತಲ್ಲ ಅದು. "ನಾನು ತಳ್ತೀನಿ ಬುದ್ಧಿ," ಅಂದೆ.

ವಕೀಲರು ನನ್ನನ್ನು ನೋಡಿ, ಆಮೇಲೆ ಯಜಮಾನರನ್ನು ನೋಡಿದರು. "ಯೋಚನೆ ಮಾಡಿ ಹೇಳಿ," ಎಂದು ಹೊರಟುಹೋದರು.

ಯಜಮಾನರು ಆ ದಿನ ಊಟ ಮಾಡಲಿಲ್ಲ. "ಹೆಂಗಸು ಮಿಷನ್ನು ತಳ್ಳೋದಾ? ಗೇಟಿನಿಂದ ನೋಡೋರು ಏನಂತಾರೆ?"

"ಏನಂದ್ರೂ ಅವರು ಗೇಟಿನಾಚೆ ತಾನೆ ಇರೋದು."

"ನಿಂಗೆ ಬರಲ್ಲ ಅದು."

"ಗದ್ದೆ ಕೊಯ್ದಿದೀನಿ. ಬರ್ತದೆ ಬುಡಿ."

ವಕೀಲರು ಒಪ್ಪಿದರು. ಅಮ್ಮಾವ್ರು ನನ್ನ ಪರವಾಗಿ ನಿಂತರು ಎಂದು ಆಮೇಲೆ ಅವರ ಮನೆಯ ಅಡುಗೆಯವಳಿಂದ ತಿಳಿಯಿತು. ನನ್ನ ಮೇಲಿನ ಪ್ರೀತಿಗೋ, ಹೊಸಬ ಬಂದರೆ ಕನಕಾಂಬರ ಏನಾಗುತ್ತದೋ ಎಂಬ ಭಯಕ್ಕೋ, ನಾನು ವಿಚಾರಿಸಲು ಹೋಗಲಿಲ್ಲ.

ಮೊದಲ ದಿನ ಮಿಷನ್ನು ಎರಡು ಮಾರು ಹೋಗಿ ನಿಂತುಬಿಟ್ಟಿತು. ಒದ್ದೆ ಹುಲ್ಲು ಅಲಗಿಗೆ ಸುತ್ತಿಕೊಂಡಿತ್ತು. ಯಜಮಾನರು ಪೋರ್ಟಿಕೋ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು. ನಾನು ಮಿಷನ್ನನ್ನು ಪಕ್ಕಕ್ಕಿಟ್ಟು, ಸೀರೆ ಎತ್ತಿಕಟ್ಟಿ, ಕುಡುಗೋಲು ತಂದೆ. ಊರಲ್ಲಿ ರಾಗಿ ಕೊಯ್ದಂತೆ ಸಾಲು ಹಿಡಿದು ಕೊಯ್ಯುತ್ತಾ ಹೋದೆ. ಹುಲ್ಲು ಕೆಳಗಾದ ಮೇಲೆ ಒಂದು ಬಿಸಿಲು ಕಾಣಿಸಿ ಮಿಷನ್ನು ತಳ್ಳಬೇಕು ಎಂಬ ಲೆಕ್ಕ ನನ್ನದು. ಹಾಗೆ ತಳ್ಳಿದಾಗಲೂ ಅದು ಕತ್ತರಿಸುವುದಕ್ಕಿಂತ ಹೆಚ್ಚಾಗಿ ಜಗ್ಗುತ್ತಿತ್ತು. ಹುಲ್ಲಿನ ತುದಿ ಹರಿದು ಹಳದಿಯಾಯಿತು.

"ಸಾಣೆ ಹಿಡಿಸ್ಬೇಕು," ಅಂದರು ಯಜಮಾನರು, ಮೊದಲ ಸಲ ಬಾಯಿಬಿಟ್ಟು.

ಮಂಡಿಪೇಟೆಯ ಹಿಂದಿನ ಓಣಿಯಲ್ಲಿ ಸಾಣೆ ಹಿಡಿಯುವ ಸಾಬರಿದ್ದರು. ಕತ್ತರಿ, ಚಾಕು, ದರ್ಜಿಗಳ ಮಿಷನ್ನು ರಿಪೇರಿ ಅವರ ಕಸುಬು. ಮಿಷನ್ನನ್ನು ಕೈಗಾಡಿಯಲ್ಲಿ ಹೇರಿಸಿಕೊಂಡು ನಾನೇ ಹೋದೆ.

"ಯಜಮಾನ್ರು ಎಲ್ಲಮ್ಮ?" ಅಂದರು ಸಾಬರು.

"ಆಪರೇಷನ್ ಆಯ್ತು ಸಾಬ್ರೆ. ಇನ್ಮೇಲೆ ನಾನೇ."

ಅವರು ಕೆಲಸ ಮಾಡುತ್ತಲೇ ಇದ್ದರು. ಅಲಗಿಗೆ ಎಣ್ಣೆ, ಮರಳಿನಂಥ ಪುಡಿ ಹಚ್ಚಿ ಹಿಂದುಮುಂದು ತಿರುಗಿಸಿದರು. ಒಂದು ಕಾಗದದ ಚೂರು ಹಿಡಿದು ಕತ್ತರಿಸಿ ನೋಡಿದರು. ಮುಗಿದ ಮೇಲೆ ನನ್ನನ್ನು ಹಿಡಿಯ ಹಿಂದೆ ನಿಲ್ಲಲು ಹೇಳಿದರು. ಹಿಡಿ ನನ್ನ ಎದೆಗೆ ಬರುತ್ತಿತ್ತು. ಯಜಮಾನರು ಎತ್ತರದವರು.

"ಹಿಂಗೆ ತಳ್ಳಿದ್ರೆ ಹೆಗಲು ಬಿದ್ದೋಗ್ತದೆ. ಹಿಡಿಯ ಪೈಪು ತುಂಡು ಮಾಡ್ಲಾ? ಆಮೇಲೆ ಅವ್ರಿಗೆ ಆಗಲ್ಲ ನೋಡಿ."

ಮಾಡಿ ಅಂದೆ. ಗರಗಸ ಪೈಪಿನ ಮೇಲೆ ಓಡುವುದನ್ನು ನೋಡದೆ ಓಣಿಯ ಕಡೆ ತಿರುಗಿ ನಿಂತೆ. ಮನೆಗೆ ಬಂದ ಮೇಲೆ ಯಜಮಾನರು ಹಿಡಿಯ ಗಿಡ್ಡವಾದ ಪೈಪನ್ನು ಕೈಯಿಂದ ಸವರಿ ನೋಡಿದರು. ಬಯ್ಯುತ್ತಾರೆ ಎಂದುಕೊಂಡೆ, ಬಯ್ಯಲಿಲ್ಲ. "ಚಕ್ರಕ್ಕೆ ಎಣ್ಣೆ ಬಿಟ್ಟವ್ರಾ?" ಅಂದರು.

ಆಮೇಲಿನ ಭಾನುವಾರ ಅಣ್ಣ ಬಂದ. ಆಪರೇಷನ್ ಸುದ್ದಿಯನ್ನು ಊರಿಗೆ ತಿಳಿಸಬಾರದು ಎಂದು ಯಜಮಾನರು ನನಗೆ ಹೇಳಿಟ್ಟಿದ್ದರು. ನಾನು ಸೀರೆ ಎತ್ತಿಕಟ್ಟಿ, ತಲೆಗೆ ಟವೆಲ್ ಸುತ್ತಿ, ಗೇಟಿನ ಕಡೆಗೆ ಸಾಲು ಹೊಡೆಯುತ್ತಿದ್ದೆ. ಗೇಟಿನಲ್ಲಿ ರಾಗಿಹಿಟ್ಟಿನ ಚೀಲ ಹೊತ್ತು ನಿಂತವನು ಅವನೇ ಎಂದು ತಕ್ಷಣ ಗೊತ್ತಾಗಲಿಲ್ಲ. ರಸ್ತೆಯಲ್ಲಿ ಇನ್ನೂ ಕೆಲವರು ನಿಂತಿದ್ದರು. ಹೆಂಗಸು ಮಿಷನ್ನು ತಳ್ಳುವುದನ್ನು ನೋಡಲು ಆಗ ಜನ ನಿಲ್ಲುತ್ತಿದ್ದರು.

"ಏನವ್ವ ಇದು," ಅಂದ. ಆಮೇಲೆ ಮೆಟ್ಟಿಲ ಕಡೆ ನೋಡಿ, "ನೀವು ಕೂತಿದೀರಲ್ಲ ಭಾವ," ಅಂದ.

ಯಜಮಾನರ ಮುಖ ನಾನು ಅದುವರೆಗೆ ನೋಡದಂತೆ ಆಯಿತು. ಎದ್ದು ಬಂದು, ಅಂಗಿ ಎತ್ತಿ, ಕಿಬ್ಬೊಟ್ಟೆಯ ಗಾಯದ ಗೆರೆ ತೋರಿಸಿದರು. ಅಷ್ಟು ಜನರ ಎದುರಿಗೆ. ಅಣ್ಣ ಚೀಲ ಇಳಿಸಿ ಅವರ ಕೈ ಹಿಡಿದುಕೊಂಡ.

ಊಟದ ಹೊತ್ತಿಗೆ, "ಊರಿಗೆ ಬಂದ್ಬುಡಿ. ಇರೋದ್ರಲ್ಲೇ ನಡೀತದೆ," ಅಂದ. ಯಜಮಾನರು ನನ್ನ ಕಡೆ ನೋಡಿದರು. ನಾನು ಬೇಡ ಅಂದೆ. ಕಾರಣ ಕೇಳಿದ್ದರೆ ಸರಿಯಾಗಿ ಹೇಳಲು ಆಗುತ್ತಿರಲಿಲ್ಲ. ಹೆಗಲು ನೋಯುತ್ತಿತ್ತು, ಅಂಗೈಯಲ್ಲಿ ಬೊಬ್ಬೆ ಬಂದಿತ್ತು. ಆದರೂ ಸಾಲು ಮುಗಿಸಿ ತಿರುಗಿ ನೋಡಿದಾಗ ಒಂದು ತೃಪ್ತಿ ಆಗುತ್ತಿತ್ತು. ಅದನ್ನು ಅಣ್ಣನಿಗೆ ಹೇಗೆ ಹೇಳುವುದು.

ಹುಲ್ಲು ಸರಿಹೋಯಿತು, ತೋಟ ಕೆಟ್ಟಿತು. ಭಾನುವಾರ ಮಿಷನ್ನು, ಸೋಮವಾರ ಅಂಚು ಬಿಡಿಸುವುದು, ಗುಡಿಸಿ ಎತ್ತಿಹಾಕುವುದು. ಮಂಗಳವಾರದ ಹೊತ್ತಿಗೆ ಬೇಲಿ ಕರೆಯುತ್ತಿತ್ತು. ಮಡಿಗಳ ಹತ್ತಿರ ಹೋಗುವುದು ಗುರುವಾರವೋ ಶುಕ್ರವಾರವೋ. ಅಷ್ಟರಲ್ಲಿ ಸೇವಂತಿಗೆಗೆ ಗಿಡಹೇನು ಹತ್ತಿರುತ್ತಿತ್ತು, ಕನಕಾಂಬರದ ಬುಡದಲ್ಲಿ ಕಳೆ ಗಿಡದಷ್ಟೇ ಎತ್ತರ. ಅಮ್ಮಾವ್ರು ಖಾಲಿ ಬುಟ್ಟಿ ಹಿಡಿದು ಬಾವಿಕಟ್ಟೆಯ ಹತ್ತಿರ ನಿಂತು, "ಹುಲ್ಲನ್ನೇ ಏರಿಸಲೇನಮ್ಮ ದೇವರಿಗೆ?" ಅಂದರು. ಸಿಟ್ಟಿನಿಂದಲ್ಲ, ಬೇಸರದಿಂದ.

ಯಜಮಾನರು ಮೆಟ್ಟಿಲ ಮೇಲೆ ಕೂತೇ ಇರುತ್ತಿದ್ದರು. ಅಲ್ಲಿಂದಲೇ ನನ್ನ ಸಾಲುಗಳನ್ನು ತಿದ್ದುವರು. ಒಂದು ದಿನ ಗುಲಾಬಿ ಮಡಿಯ ಪಕ್ಕ ಮಿಷನ್ನು ಓರೆಯಾಗಿ ಇಳಿದು ನೆಲದವರೆಗೆ ಬೋಳಾಯಿತು.

"ಅಲ್ಲಿ ಕೈ ಮೇಲಕ್ಕೆ ಎತ್ಬೇಕು ಅಂತ ಎಷ್ಟು ಸಲ ಹೇಳ್ಲಿ?"

ನಾನು ಮಿಷನ್ನನ್ನು ಅಲ್ಲೇ ಬಿಟ್ಟು ಮೆಟ್ಟಿಲ ಹತ್ತಿರ ಹೋದೆ. "ಹುಲ್ಲು ನಿಮ್ದು, ಗಿಡ ನಂದು ಅಂತ ಹೇಳಿದ್ರಿ. ಈಗ ಹುಲ್ಲು ನಂದಾಯ್ತು. ಹಂಗಾದ್ರೆ ಗಿಡ ನೀವು ನೋಡ್ಕೊಳಿ. ಡಾಕ್ಟ್ರು ತಳ್ಬೇಡಿ ಅಂದವ್ರೆ, ಕಳೆ ಕೀಳ್ಬೇಡಿ ಅಂದಿಲ್ಲ."

ಅವರು ಎದ್ದು ಹಿತ್ತಲ ಕಡೆ ಹೋದರು. ಎರಡು ದಿನ ಮಾತಿಲ್ಲ. ಮೂರನೆಯ ಬೆಳಿಗ್ಗೆ ನೋಡುತ್ತೇನೆ, ಅಡುಗೆಮನೆಯ ಮಣೆ ತೆಗೆದುಕೊಂಡು ಹೋಗಿ ಕನಕಾಂಬರದ ಮಡಿಯಲ್ಲಿ ಹಾಕಿಕೊಂಡು ಕೂತಿದ್ದಾರೆ. ಕಳೆಯ ಜೊತೆ ಒಂದಿಷ್ಟು ಕನಕಾಂಬರದ ಸಸಿಗಳನ್ನೂ ಕಿತ್ತುಹಾಕಿದ್ದರು. ಯಾವುದು ಯಾವುದೆಂದು ತೋರಿಸಿಕೊಟ್ಟೆ. ಮಾಲಿಯಾಗಿ ಅಷ್ಟು ವರ್ಷ ಆದ ಮೇಲೆ ನನ್ನಿಂದ ಕಲಿಯುವುದು ಅವರಿಗೆ ಸುಲಭವಾಗಿರಲಿಲ್ಲ. ನನಗೂ ಕಲಿಸುವ ತಾಳ್ಮೆ ಇರಲಿಲ್ಲ. ಗುಲಾಬಿಯನ್ನು ಎಷ್ಟು ಗಿಡ್ಡಕ್ಕೆ ಕತ್ತರಿಸಿದರೆಂದರೆ ಆ ವರ್ಷ ಅದು ಹೂ ಬಿಡುವುದನ್ನೇ ಮರೆತಿತು.

ಆಮೇಲೆ ಅವರಿಗೊಂದು ಯೋಚನೆ ಬಂತು. ನಾನು ಕತ್ತರಿಸಿದ ಹುಲ್ಲನ್ನು ಗಿಡದ ಬುಡಕ್ಕೆ ಹಾಸಿದರೆ ತೇವ ಉಳಿಯುತ್ತದೆ, ಕಳೆಯೂ ಬರುವುದಿಲ್ಲ, ಇಬ್ಬರ ಕೆಲಸವೂ ಹಗುರ. ನನಗೂ ಸರಿಯೆನಿಸಿತು. ಎಲ್ಲ ಮಡಿಗೂ ದಪ್ಪವಾಗಿ ಹಾಸಿದೆವು. ಒಂದು ಮಳೆ ಬಂದು ಹೋದ ಮೇಲೆ ಕನಕಾಂಬರದ ಸಾಲುಗಳ ನಡುವೆ ಎಳೆ ಹಸಿರು ಕಾಣಿಸಿತು. ಗರಿಕೆಯ ತುಂಡುಗಳು ಬೇರು ಬಿಟ್ಟಿದ್ದವು. ಅದನ್ನು ಕೀಳಲು ಹೋದರೆ ಗಣ್ಣುಗಣ್ಣಿಗೂ ಹಿಡಿದುಕೊಂಡು ನೆಲದೊಳಗೆ ಓಡುತ್ತಿತ್ತು. ಆ ಮಳೆಗಾಲ ಪೂರ್ತಿ ನಾವಿಬ್ಬರೂ ಮಡಿಯ ಆ ಕಡೆ ಈ ಕಡೆ ಕೂತು ಗರಿಕೆ ಕಿತ್ತೆವು. ಕೀಳುತ್ತಾ ಮಾತಾಡಿದೆವು. ಅದಕ್ಕೆ ಮೊದಲು ನಾವು ಅಷ್ಟು ಹೊತ್ತು ಎದುರುಬದುರು ಕೂತದ್ದೇ ಇಲ್ಲ. ತಮ್ಮ ಬಾಲ್ಯದಲ್ಲಿ ತಾಯಿ ತೀರಿದ್ದು, ಕುಣಿಗಲ್‌ನಲ್ಲಿ ಚಿಕ್ಕಪ್ಪನ ಮನೆಯಲ್ಲಿ ಬೆಳೆದದ್ದು, ಅಲ್ಲಿಯ ಕುದುರೆ ಸಾಕುವ ಬಯಲುಗಳಲ್ಲಿ ಹುಲ್ಲು ಕೊಯ್ಯುವ ಕೂಲಿಗೆ ಹೋಗುತ್ತಿದ್ದದ್ದು, ಇವನ್ನೆಲ್ಲ ಅವರು ಹೇಳಿದ್ದು ಆಗಲೇ.

ಮುಂದಿನ ವರ್ಷದಿಂದ ಹುಲ್ಲನ್ನು ಬಿರುಬಿಸಿಲಲ್ಲಿ ಪೂರ್ತಿ ಒಣಗಿಸಿ, ಆಮೇಲೆ ಹಾಸಿದೆವು. ಹುಲ್ಲುಹಾಸನ್ನು ಒಂದೇ ದಿನ ಮುಗಿಸುವ ಹಟ ಬಿಟ್ಟೆ. ಒಂದು ಅರ್ಧ ಭಾನುವಾರ, ಇನ್ನೊಂದು ಅರ್ಧ ಬುಧವಾರ. ವಕೀಲರಿಗೆ ಮೊದಲು ಸರಿಬರಲಿಲ್ಲ. ಕುರ್ಚಿ ಹಾಕುವ ಕಡೆ ಭಾನುವಾರವೇ ಆಗುತ್ತದೆ ಎಂದ ಮೇಲೆ ಸುಮ್ಮನಾದರು. ಚಳಿಗಾಲದಲ್ಲಿ ಹುಲ್ಲು ನಿಧಾನವಾಗುತ್ತದೆ, ಆಗ ಬೇಲಿ, ಕುಂಡಗಳ ಮಣ್ಣು ಬದಲಿಸುವುದು, ಗುಲಾಬಿ ಸವರುವುದು ಇಟ್ಟುಕೊಂಡೆವು. ಕೆಲಸ ಕಡಿಮೆಯಾಗಲಿಲ್ಲ. ಒಂದರ ಮೇಲೊಂದು ಬೀಳುವುದು ತಪ್ಪಿತು.

ಎಂಬತ್ತರ ದಶಕದ ಮಧ್ಯದಲ್ಲಿ ಮಳೆ ಕೈಕೊಟ್ಟಿತು. ಬಾವಿಯ ತಳ ಕಾಣಿಸಿತು. ಪಂಪು ಸ್ವಲ್ಪ ಹೊತ್ತು ಓಡಿ ನಿಲ್ಲುತ್ತಿತ್ತು. ನಲ್ಲಿಯ ನೀರು ಮನೆಗೇ ಸಾಲದು. ವಕೀಲರು ನಮ್ಮಿಬ್ಬರನ್ನೂ ಪೋರ್ಟಿಕೋಗೆ ಕರೆದರು. ಅಮ್ಮಾವ್ರು ಬಾಗಿಲಲ್ಲಿ ನಿಂತಿದ್ದರು.

"ನೀರು ಎರಡಕ್ಕೂ ಆಗೋ ಹಾಗೆ ಕಾಣಲ್ಲ," ಅಂದರು ವಕೀಲರು. "ಏನ್ಮಾಡೋಣ?"

ಹುಲ್ಲು ಈಗ ನನ್ನ ಕೈಯಲ್ಲಿತ್ತು. ಅದನ್ನು ಬಿಟ್ಟುಕೊಡುವ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಹೇಳಿದವರು ಯಜಮಾನರು.

"ಹುಲ್ಲಿಗೆ ನಿಲ್ಲಿಸ್ಬುಡಿ ಬುದ್ಧಿ. ಅದು ಸಾಯಲ್ಲ. ಒಣಗಿದಂಗೆ ಕಾಣ್ತದೆ, ಬೇರು ಇರ್ತದೆ. ಗಿಡಕ್ಕೆ ಹಂಗಿಲ್ಲ, ಹೋದ್ರೆ ಹೋದಂಗೇ."

ವಕೀಲರು ಮುಂದಿನ ಬಯಲನ್ನು ನೋಡಿ, "ಸರಿ," ಅಂದರು.

ಆ ಬೇಸಿಗೆ ಹುಲ್ಲು ಕಂದುಬಣ್ಣಕ್ಕೆ ತಿರುಗಿ ಕಾಲ ಕೆಳಗೆ ಪುಡಿಯಾಗುತ್ತಿತ್ತು. ಮಿಷನ್ನಿಗೆ ಎಣ್ಣೆ ಸವರಿ, ಗೋಣಿಚೀಲ ಹೊದಿಸಿ ಇಟ್ಟೆ. ವಕೀಲರು ಸಂಜೆ ಕುರ್ಚಿಯನ್ನು ಅಲ್ಲೇ ಹಾಕಿಸಿಕೊಂಡು ಕೂರುವುದನ್ನು ಬಿಡಲಿಲ್ಲ. ಸ್ನೇಹಿತರು ಬರುವುದು ಕಡಿಮೆಯಾಯಿತು. ಒಮ್ಮೊಮ್ಮೆ ಅಮ್ಮಾವ್ರು ಬಂದು ಪಕ್ಕದ ಕುರ್ಚಿಯಲ್ಲಿ ಕೂತು ಹೂ ಕಟ್ಟುವರು. ನಾನೂ ಯಜಮಾನರೂ ಪಾತ್ರೆ ತೊಳೆದ ನೀರನ್ನು ಬಿಂದಿಗೆಯಲ್ಲಿ ಹೊತ್ತು ಬುಡಬುಡಕ್ಕೆ ಹಾಕಿದೆವು. ಅವರು ಸಣ್ಣ ಚೊಂಬಿನಲ್ಲಿ ಹಾಕುವರು, ಬಿಂದಿಗೆ ನಾನು ಹೊರುವೆ. ಮಲ್ಲಿಗೆ ಕೆಲವು ಹೋದವು. ಕನಕಾಂಬರ ಉಳಿಯಿತು.

ಮಳೆ ಬಂದಾಗ ಹುಲ್ಲು ಚಿಗುರಿತು, ಆದರೆ ಎಲ್ಲ ಕಡೆಯೂ ಅಲ್ಲ. ಗೇಟಿನ ಹತ್ತಿರ ದೊಡ್ಡದೊಂದು ಭಾಗ ಬೋಳಾಗಿಯೇ ನಿಂತಿತು. ಅಲ್ಲಿ ಮತ್ತೆ ಗರಿಕೆ ನೆಡಲೇ ಎಂದು ನಾನು ವಕೀಲರನ್ನು ಕೇಳಿದೆ. ಅವರು ಅಮ್ಮಾವ್ರನ್ನು ಕೇಳು ಅಂದರು. ಆ ಭಾಗ ಸೇವಂತಿಗೆಯ ಮಡಿಯಾಯಿತು. ಯಜಮಾನರು ದಾರ ಕಟ್ಟಿ ಸಾಲು ಹೊಡೆದು ಸಸಿ ನೆಟ್ಟರು.

ವಕೀಲರ ಸ್ನೇಹಿತರೊಬ್ಬರು ಕುಣಿಗಲ್‌ನ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಕಮಿಟಿಯಲ್ಲಿದ್ದರು. ನಾನು ಮಿಷನ್ನು ತಳ್ಳುವುದನ್ನು ಅವರು ವರ್ಷಗಟ್ಟಲೆ ಕಾಫಿ ಕುಡಿಯುತ್ತಾ ನೋಡಿದ್ದರು. ಅಲ್ಲಿಗೆ ಮಾಲಿ ಬೇಕಾಗಿದ್ದಾಗ, ಗಂಡಸನ್ನು ಇಟ್ಟುಕೊಳ್ಳಲು ವಾರ್ಡನ್ ಒಪ್ಪದಿದ್ದಾಗ, ನನ್ನ ಹೆಸರು ಹೇಳಿದರು. ಹೆಸರು ನನ್ನದು, ಸಂಬಳವೂ ನನ್ನ ಹೆಸರಿಗೆ. ಗೇಟಿನ ಹೊರಗೆ ಮನೆಯೊಂದು ಸಿಕ್ಕಿತು. ಹೋಗುವುದೋ ಬೇಡವೋ ಎಂದು ನಾನು ಯೋಚಿಸುತ್ತಿದ್ದಾಗ ಯಜಮಾನರು ಆಗಲೇ ಕುಂಡಗಳನ್ನು ಗೋಣಿಯಲ್ಲಿ ಸುತ್ತುತ್ತಿದ್ದರು. "ಕುಣಿಗಲ್ ನಂಗೆ ಹೊಸದಲ್ಲ," ಅಂದರು.

ಹಾಸ್ಟೆಲ್ಲಿನ ಮುಂದೆ ಬರೀ ಕಲ್ಲುನೆಲ. ಎಷ್ಟು ಜಾಗಕ್ಕೆ ಹುಲ್ಲು ಬೇಕು ಎಂದು ವಾರ್ಡನ್ ನನ್ನನ್ನೇ ಕೇಳಿದರು. ಬಾವಿ ನೋಡಿ ಬಂದು, ಬಾಗಿಲ ಮುಂದಿನ ಸ್ವಲ್ಪ ಜಾಗ ಸಾಕು, ಉಳಿದದ್ದಕ್ಕೆ ನೆರಳಿನ ಮರ, ನುಗ್ಗೆ, ಕರಿಬೇವು ಅಂದೆ. ಆ ಸ್ವಲ್ಪ ಜಾಗವನ್ನು ಕುಡುಗೋಲಿನಿಂದಲೇ ಸಮ ಮಾಡುತ್ತಿದ್ದೆ. ಯಜಮಾನರು ನಮ್ಮ ಮನೆಯ ಮುಂದೆ ಚಪ್ಪರ ಹಾಕಿ ಸಸಿ ಬೆಳೆಸಿ ಮಾರಲು ಶುರುಮಾಡಿದರು. ಸಂತೆಯ ದಿನ ಹಳ್ಳಿಯವರು ಬಂದು ಬದನೆ, ಮೆಣಸಿನ ಸಸಿ ಒಯ್ಯುವರು, ಹುಡುಗಿಯರು ರಜೆಗೆ ಊರಿಗೆ ಹೋಗುವಾಗ ಗುಲಾಬಿ ಒಯ್ಯುವರು.

ಕೆಲವು ವರ್ಷ ಕಳೆದು ವಕೀಲರು ಯಾವುದೋ ಕೇಸಿಗೆ ಕುಣಿಗಲ್ ಕೋರ್ಟಿಗೆ ಬಂದವರು ನಮ್ಮ ಮನೆ ಹುಡುಕಿಕೊಂಡು ಬಂದರು. ವಯಸ್ಸಾಗಿತ್ತು. ಅಮ್ಮಾವ್ರಿಗೆ ಮಂಡಿನೋವು, ಹೊರಗೆ ಬರುವುದಿಲ್ಲ ಅಂದರು. ಮಗ ಕಾರು ತೆಗೆದುಕೊಂಡಿದ್ದಾನೆ, ಮುಂದಿನ ಹುಲ್ಲು ತೆಗೆಸಿ ಸಿಮೆಂಟು ಹಾಕಿಸಿದೆವು ಅಂದರು. ಹೇಳುವಾಗ ನಮ್ಮ ಮುಖ ನೋಡಲಿಲ್ಲ.

"ಒಳ್ಳೇದಾಯ್ತು ಬುಡಿ ಬುದ್ಧಿ, ನೋಡ್ಕಳೋರು ಬೇಕಲ್ಲ," ಅಂದರು ಯಜಮಾನರು.

ಅವರಿಗೆ ದುಃಖವಾಗುತ್ತದೆ ಎಂದುಕೊಂಡಿದ್ದೆ. ನನಗೇ ಆಗುತ್ತದೆ ಎಂದುಕೊಂಡಿದ್ದೆ. ಇಬ್ಬರಿಗೂ ಅಷ್ಟೇನೂ ಆಗಲಿಲ್ಲ. ನಾನು ಕಾಫಿ ಕೊಟ್ಟೆ. ಯಜಮಾನರು ಅವರನ್ನು ಚಪ್ಪರದ ಕೆಳಗೆ ಕರೆದುಕೊಂಡು ಹೋಗಿ, ಹೊಸದಾಗಿ ಕಸಿ ಕಟ್ಟಿದ ಮಾವಿನ ಸಸಿಗಳನ್ನು ಒಂದೊಂದಾಗಿ ತೋರಿಸತೊಡಗಿದರು. ಹಾಸ್ಟೆಲ್ಲಿನ ಗಂಟೆ ಹೊಡೆಯಿತು. ಪೈಪು ಎಳೆದುಕೊಂಡು ನಾನು ನುಗ್ಗೆಯ ಬುಡಕ್ಕೆ ನೀರು ಬಿಡಲು ಹೋದೆ.